ಮುರಿದವರೇ ತಿನ್ನಬೇಕು

ವೆನಿಲ್ಲಾ ಘಮ ಎದ್ದಿತು, ಅಂದರೆ ಓವನ್ನಿನಲ್ಲಿ ಎರಡನೇ ತಟ್ಟೆ ಬೆಂದಿದೆ, ಅಂಚು ಕೆಂಪಾಗುವ ಮೊದಲೇ ತೆಗೆಯಬೇಕು, ಸೊಸೆ ಇಲ್ಕೆ ತೆಗೆಯುತ್ತಾಳೆ, ನಾನು ಕೈ ಹಾಕುವುದಿಲ್ಲ, ಈ ಕೈ ಏಪ್ರನ್ನಿನ ಕೆಳಗೇ ಇರಲಿ, ಅಲ್ಲೂ ಅದು ಸುಮ್ಮನಿರದು, ಬೋನಿಗೆ ಬಿದ್ದ ಇಲಿಯ ಹಾಗೆ ಒದ್ದಾಡುತ್ತದೆ, ಈ ನಡುಕ ಬೇಸಿಗೆಯಲ್ಲಿ ಶುರುವಾದದ್ದು, ಯಾರಿಗೂ ಹೇಳಿಲ್ಲ — ಬಾದಾಮಿ ಪುಡಿ, ಬೆಣ್ಣೆ, ಹಿಟ್ಟು, ಹೊಸೆದು ಎಳೆಚಂದ್ರನ ಹಾಗೆ ಬಾಗಿಸುವುದು, ಕಣ್ಣು ಮುಚ್ಚಿ ಮಾಡುತ್ತಿದ್ದವಳು ನಾನು, ರೋಸ್ವಿತಾಳ ಕಿಪ್ಫೆರ್ಲ್ ಬಿಸ್ಕತ್ತು ಇಲ್ಲದೆ ಕ್ರಿಸ್‌ಮಸ್ಸೇ ಇಲ್ಲ ಅನ್ನುತ್ತಿದ್ದರು ಚರ್ಚಿನ ಹೆಂಗಸರು. ಬಿಸಿಯಿರುವಾಗಲೇ ಸಕ್ಕರೆಯಲ್ಲಿ ಹೊರಳಿಸಬೇಕು, ಆರಿದರೆ ಸಕ್ಕರೆ ಹಿಡಿಯದು, ಬಿಸಿಯಲ್ಲಿ ಬೆರಳು ಒತ್ತಿದರೆ ಮುರಿಯುತ್ತದೆ, ಮುರಿದದ್ದು ಡಬ್ಬಿಗೆ ಸೇರಬಾರದು, ಮುರಿದವರೇ ತಿನ್ನಬೇಕು, ಈ ಮನೆಯ ನಿಯಮ, ನಾನೇ ಮಾಡಿದ್ದು. ಬೇಡ ಅತ್ತೆ, ನಾನ್ ಮಾಡ್ತೀನಿ ಅಂದಿದ್ದಳು ಇಲ್ಕೆ, ಕೇಳಲಿಲ್ಲ, ಮೊದಲ ತಟ್ಟೆಗೆ ನಾನೇ ಕೈ ಇಟ್ಟೆ, ಒಂದು ಮುರಿಯಿತು, ಮತ್ತೊಂದು, ಆಮೇಲೆ ಎಲ್ಲವೂ — ಅಷ್ಟರಲ್ಲಿ ನಾದಿನಿ ಹೆಡ್ವಿಗ್ ಬರಬೇಕೇ, ತನ್ನ ಬಿಸ್ಕತ್ತಿನ ಡಬ್ಬಿ ಕೊಟ್ಟು ನನ್ನದನ್ನು ಒಯ್ಯಲು, ಪ್ರತಿವರ್ಷದ ಹಾಗೆ, ಏನ್ ಅತ್ತಿಗೆ, ಈ ಸಲ ಚೂರು ಕಟ್ಟಿಕೊಡ್ತೀರಾ, ನಗುತ್ತಲೇ ಅಂದಳು, ನನ್ನ ಕೈ ಏಪ್ರನ್ನಿನೊಳಗೆ ಹೋಯಿತು, ಬಾಯಿ ಅದಕ್ಕಿಂತ ಬೇಗ ಓಡಿತು — ನಮ್ಮ ಸೊಸೆ ಹೊರಳಿಸಿದ್ದು ಕಣೆ, ಕಡಲತೀರದವಳು, ಅಲ್ಲಿ ಇದನ್ನ ಮಾಡೋದೇ ಇಲ್ಲ, ಇವಳ ಕೈಗೆ ಹದ ಎಲ್ಲಿಂದ ಬರ್ಬೇಕು.

ಅಂದುಬಿಟ್ಟೆ. ಇಲ್ಕೆಯ ಬೆರಳಲ್ಲಿ ಒಂದು ಕಾಳು ಸಕ್ಕರೆಯೂ ಇರಲಿಲ್ಲ, ಆಗಷ್ಟೇ ತೊಳೆದ ಕೈ, ಕೆಂಪಗೆ, ಒದ್ದೆ, ಅವಳು ನನ್ನ ಏಪ್ರನ್ ನೋಡಿದಳು, ಬಟ್ಟೆ ನಡುಗುತ್ತಿತ್ತು. ಹೆಡ್ವಿಗ್ ಕಾಫಿ ಹಿಡಿದು ಕೂತಿದ್ದಾಳೆ, ಏಳುವ ಹಾಗೆ ಕಾಣುವುದಿಲ್ಲ, ಕ್ರಿಸ್‌ಮಸ್ಸಿಗೆ ಮುಂಚಿನ ಅಡ್ವೆಂಟ್ ವಾರಗಳ ಮೂರನೇ ಮೇಣದಬತ್ತಿ ಉರಿಯುತ್ತಿದೆ, ನನ್ನ ಮುಖವೂ, ಇಷ್ಟು ನಾಚಿಕೆ ಯಾವತ್ತೂ ಪಟ್ಟಿಲ್ಲ, ಈಗಲೂ ಹೇಳಬಹುದು, ಮುರಿದದ್ದು ನಾನು ಹೆಡ್ವಿಗ್, ನಾಲಿಗೆ ಏಳುವುದಿಲ್ಲ — ತಟ್ಟೆ ಬಂತು, ಇಲ್ಕೆ ಹೊರಳಿಸುತ್ತಿದ್ದಾಳೆ, ಎಷ್ಟು ಹಗುರ, ಒಂದೂ ಮುರಿಯುತ್ತಿಲ್ಲ, ಸಾಲಾಗಿ ಬೆಳ್ಳಗೆ ಮಲಗುತ್ತಿವೆ, ಮುರಿ ಮಾರಾಯ್ತಿ, ಒಂದಾದರೂ ಮುರಿ, ಥೂ, ಎಂಥ ಹೆಂಗಸು ನಾನು, ಹೆಡ್ವಿಗ್ ಕಪ್ಪು ಕೆಳಗಿಟ್ಟಳು, ಇಲ್ಕೆಯ ಕೈ ನೋಡುತ್ತಿದ್ದಾಳೆ, ಆಮೇಲೆ ನನ್ನ ಏಪ್ರನ್ ಕಡೆ — ಇಲ್ಕೆ ತಲೆ ಎತ್ತಿದಳು, ನನ್ನನ್ನೇ ನೋಡುತ್ತ ಒಂದನ್ನು ಎತ್ತಿಕೊಂಡಳು, ಚೆಂದದ್ದು, ಹೆಬ್ಬೆರಳು ಒತ್ತಿದಳು, ಬೇಕೆಂದೇ ಒತ್ತಿದಳು. ಮತ್ತೆ ಮುರಿದೆ ನೋಡಿ ಅತ್ತೆ, ಅಂದಳು, ನಾನೇ ತಿನ್ಬೇಕು. ತಿಂದಳು. ತುಟಿಯ ಮೇಲೆ ಸಕ್ಕರೆ, ಒರೆಸಿಕೊಳ್ಳಲಿಲ್ಲ, ತುಟಿಯ ಮೇಲೆ ಬೆಳ್ಳನೆ ಸಕ್ಕರೆ.