ನಡಾವಳಿಯಲ್ಲಿ ಇಲ್ಲದ ನೋಣಯ್ಯ

ಅಪ್ಪನ ಎದೆಯ ಮೇಲೆ ಹೊದಿಸಿದ್ದ ಪಕ್ಷದ ಶಾಲನ್ನು ಸುಪ್ರೀತಾ ಎಳೆದು ತೆಗೆದು, ಮುದ್ದೆ ಮಾಡಿ, ಹೊದಿಸಿದವನ ಕೈಗೇ ತುರುಕಿದಳು.

"ಇದು ಬೇಡ ಕಮಲಾಕ್ಷಣ್ಣ. ಅಪ್ಪ ಯಾವ ಪಕ್ಷದವರೂ ಅಲ್ಲ."

ಕಮಲಾಕ್ಷ ಕಡವಿನಪೇಟೆ ಪಟ್ಟಣ ಪಂಚಾಯತಿನ ಮಾಜಿ ಅಧ್ಯಕ್ಷ. ಸಾವಿನ ಮನೆಗೆ ಹೋಗುವಾಗ ಹಾಕಿಕೊಳ್ಳಲಿಕ್ಕೆಂದೇ ಒಂದು ಮುಖವನ್ನು ಇಸ್ತ್ರಿ ಮಾಡಿ ಇಟ್ಟುಕೊಂಡವನು. ಆ ಮುಖ ಒಂದು ಕ್ಷಣ ಮುದುಡಿ ಪುನಃ ಸರಿಯಾಯಿತು.

"ಎಂಥ ಪಕ್ಷ ಮಾರಾಯ್ತಿ, ಗೌರವಕ್ಕೆ ಹಾಕಿದ್ದು. ಐದು ವರ್ಷ ಒಟ್ಟಿಗೆ ಕೂತವರು ನಾವು. ನೋಣಯ್ಯಣ್ಣ ಒಂದು ದಿನ ನಮಗೆ ಎದುರಾಡಿದವರಲ್ಲ. ಎಲ್ಲ ನಿರ್ಣಯವೂ ಸರ್ವಾನುಮತ. ಈಗಿನ ಕಾಲದಲ್ಲಿ ಅಂಥ ಸದಸ್ಯರು ಎಲ್ಲಿ ಸಿಗ್ತಾರೆ?"

ಈ ಹೊಗಳಿಕೆಯನ್ನು ಅವನು ಅಂಗಳದಲ್ಲಿ ಕುರ್ಚಿ ಹಾಕಿ ಕೂತವರಿಗೆ ಮಾತ್ರ ಹೇಳಲಿಲ್ಲ, ರಸ್ತೆಗೂ ಕೇಳುವಂತೆ ಹೇಳಿದ. ರಸ್ತೆಯಲ್ಲಿ ಹೊಳೆಬದಿ ವಾರ್ಡಿನ ಮೂವತ್ತು ನಲವತ್ತು ಜನ ನಿಂತಿದ್ದರು. ಯಾರ ಮನೆಯಲ್ಲಿ ಸಾವಾದರೂ ಹೇಳಿ ಕಳಿಸುವ ಮೊದಲೇ ಬಂದು ಕೆಲಸವನ್ನೆಲ್ಲ ಮೈಮೇಲೆ ಹಾಕಿಕೊಳ್ಳುವ ಜನ. ಇವತ್ತು ಮಾತ್ರ ಕೈಕಟ್ಟಿ ನಿಂತಿದ್ದರು, ಒಬ್ಬರೂ ಅಂಗಳಕ್ಕೆ ಇಳಿದಿರಲಿಲ್ಲ.

"ಆಂಬುಲೆನ್ಸು ಬಂದು ನಿಂತದ್ದು ಕಾಣ್ತದಲ್ಲ," ಎಂದ ಅವರಲ್ಲೊಬ್ಬ, ರಿಕ್ಷಾ ಓಡಿಸುವ ಶೋಧನ್. "ಅವರೇ ಕೈ ಎತ್ತಿ ಮಾಡಿದ ಏರ್ಪಾಡು. ಅವರೂ ಅದರಲ್ಲೇ ಹೋಗ್ಲಿ."

ಒಳಗೆ ಗೋಡೆಗೆ ಒರಗಿ ಕೂತಿದ್ದ ಪ್ರೇಮಾವತಿಗೆ ಅದು ಕೇಳಿಸಿತು. ಬೆಳಗ್ಗಿನಿಂದ ಗಂಡನ ಸಾವಿಗೆ ಬಾರದಿದ್ದ ಅಳು ಆ ಮಾತಿಗೆ ಬಂತು.

ಮನೆಯಿಂದ ಇನ್ನೂರು ಹೆಜ್ಜೆ ನಡೆದರೆ ನೇತ್ರಾವತಿ. ಅದರ ದಡದಲ್ಲಿ ವಾರ್ಡಿನವರ ಸ್ಮಶಾನ ಇತ್ತು. ಈಗ ಅಲ್ಲಿ ಹಳದಿ ಬಣ್ಣದ ಕಾಂಪೌಂಡು, ಎರಡಾಳೆತ್ತರದ ಕಬ್ಬಿಣದ ಗೇಟು, ಒಳಗೆ ಮದುವೆ ಮುಂಜಿಗೆ ಬಾಡಿಗೆಗೆ ಕೊಡುವ ಸಭಾಂಗಣ ಇದೆ. ಅದನ್ನು ನಡೆಸುವ ಟ್ರಸ್ಟಿಗೆ ಕಮಲಾಕ್ಷನೇ ಯಜಮಾನ. ಹೊಳೆಬದಿಯವರು ತಮ್ಮ ಹೆಣಗಳನ್ನು ಹದಿನಾಲ್ಕು ಕಿಲೋಮೀಟರ್ ಆಚೆ ಒಯ್ಯಲು ಶುರುಮಾಡಿ ಹತ್ತು ವರ್ಷವಾಯಿತು. ಆ ಜಾಗವನ್ನು ಬಿಟ್ಟುಕೊಟ್ಟವರ ಸಾಲಿನಲ್ಲಿ ತಮ್ಮದೇ ಸದಸ್ಯ ನೋಣಯ್ಯನೂ ಇದ್ದಾನೆ ಎಂಬುದನ್ನು ವಾರ್ಡು ಮರೆತಿರಲಿಲ್ಲ.

ಸುಪ್ರೀತಾ ಮೊಬೈಲಿನಲ್ಲಿ ಗಂಟೆ ನೋಡಿದಳು. ಬೆಳಿಗ್ಗೆ ಆರಕ್ಕೇ ಪಾಣೆಮಂಗಳೂರಿಗೆ ಫೋನು ಮಾಡಿ ಒಬ್ಬರನ್ನು ಕರೆದಿದ್ದಳು. ಅಪ್ಪ ಈ ಅಂಗಳದಿಂದ ಹೊರಡುವ ಮೊದಲು, ರಸ್ತೆಯಲ್ಲಿ ನಿಂತ ಈ ಜನರ ಎದುರು, ಆ ಬರುವವರ ಬಾಯಿಂದ ಒಂದು ಸತ್ಯ ಹೊರಗೆ ಬರಬೇಕಿತ್ತು. ನಾಳೆ ಬಂದರೆ ಅದರಿಂದ ಯಾರಿಗೂ ಪ್ರಯೋಜನವಿಲ್ಲ.

"ಎತ್ತುವನಾ ಅಕ್ಕ?" ಎಂದು ಆಂಬುಲೆನ್ಸಿನವನು ಕೇಳಿದ.

"ಇಲ್ಲ. ಒಬ್ರು ಬರ್ಲಿಕ್ಕೆ ಉಂಟು."

* * *

ನೋಣಯ್ಯ ದರ್ಜಿ. ಚುನಾವಣೆಗೆ ಪಕ್ಷೇತರನಾಗಿ ನಿಂತಾಗ ಹೊಲಿಗೆ ಯಂತ್ರದ ಚಿಹ್ನೆ ಕೇಳಿದ್ದ, ಕೊಟ್ಟದ್ದು ಸೀಲಿಂಗ್ ಫ್ಯಾನು. "ದರ್ಜಿಗೆ ಗಾಳಿ ಹಾಕುವ" ಎಂದು ವಾರ್ಡಿನವರು ನಗಾಡಿಕೊಂಡೇ ಓಟು ಹಾಕಿ ಹದಿನೇಳು ಮತದಲ್ಲಿ ಗೆಲ್ಲಿಸಿಬಿಟ್ಟರು. ಅವನ ಶಾಲೆ ಮೂರನೇ ಕ್ಲಾಸಿಗೆ ಮುಗಿದಿತ್ತು. ಕನ್ನಡವನ್ನು ಬೆರಳಿಟ್ಟು ಓದುತ್ತಿದ್ದ, ಕೇಳಿದರೆ ಪೂರ್ತಿ ಅರ್ಥವಾಗುತ್ತಿತ್ತು, ಆಡಲು ಹೊರಟರೆ ಮಾತ್ರ ತಡವರಿಸುತ್ತಿದ್ದ. ಸಿಟ್ಟು ಬಂದರಂತೂ ತುಳು ಬಿಟ್ಟು ಬೇರೇನೂ ಬಾಯಿಗೆ ಬರುತ್ತಿರಲಿಲ್ಲ. ಪಂಚಾಯತಿನ ಸಭೆಯಲ್ಲಿ ಅವನಿಗೆ ಸಿಟ್ಟು ಬಾರದ ದಿನ ಇರಲಿಲ್ಲ.

ಸ್ಮಶಾನದ ಮಾತು ಬಂದ ದಿನ ಸಭೆಯ ನಡಾವಳಿ ಬರೆಯುವ ಕ್ಲರ್ಕು ಅಬ್ದುಲ್ ರವೂಫ್ ಎದ್ದುನಿಂತು, ಹೊಳೆಬದಿಯ "ಉಪಯೋಗವಿಲ್ಲದ ಸರಕಾರಿ ಜಾಗ"ವನ್ನು ಟ್ರಸ್ಟಿಗೆ ಮೂವತ್ತು ವರ್ಷಕ್ಕೆ ಲೀಸಿಗೆ ಕೊಡುವ ವಿಷಯವನ್ನು ಚಂದದ ಕನ್ನಡದಲ್ಲಿ ಓದಿದ.

ನೋಣಯ್ಯ ಮೇಜಿಗೆ ಕೈ ಬಡಿದು ಎದ್ದ. "ಎಂಕ್ ಒಪ್ಪಿಗೆ ಇಜ್ಜಿ!" ಎಂದ. ತನಗೆ ಒಪ್ಪಿಗೆ ಇಲ್ಲವೆಂದು ಹೇಳಿ, ಆಮೇಲೆ ಕಾಲು ಗಂಟೆ ತುಳುವಿನಲ್ಲೇ ಮಾತಾಡಿದ. ಉಪಯೋಗ ಇಲ್ಲ ಅಂತ ಹೇಳಿದ್ದು ಯಾರು, ಸತ್ತವರನ್ನು ಕೇಳಿದ್ರಾ? ನನ್ನ ಅಪ್ಪನನ್ನು, ಅಮ್ಮನನ್ನು ಸುಟ್ಟದ್ದು ಅಲ್ಲಿ. ನಮ್ಮವರು ಬಡವರು, ಹೆಣಕ್ಕೆ ಬಸ್ಸಿನಲ್ಲಿ ಟಿಕೇಟು ತೆಗೆಯಲಿಕ್ಕೆ ಆಗ್ತದಾ? ನಾಳೆ ನಾನು ಸತ್ತರೆ ನನ್ನನ್ನು ಎಲ್ಲಿಗೆ ಹೊತ್ತುಕೊಂಡು ಹೋಗ್ತಾರೆ ಅಂತ ಅಧ್ಯಕ್ಷರು ಈಗಲೇ ಹೇಳಲಿ.

ಒಂದಿಬ್ಬರು ನಕ್ಕರು. ಕೈ ಎತ್ತಿಸಿದರು. ಪರವಾಗಿ ಹದಿಮೂರು ಕೈ ಎದ್ದವು. ವಿರೋಧಕ್ಕೆ ಒಂದೇ ಒಂದು, ಟೇಪು ಹಿಡಿದೂ ಸೂಜಿ ಚುಚ್ಚಿಸಿಕೊಂಡೂ ಗಟ್ಟಿಯಾದ ಕೈ.

ಕಮಲಾಕ್ಷ ಬ್ಯಾರಿ ಸಮುದಾಯದ ಆ ಕ್ಲರ್ಕಿನ ಕಡೆ ಬಾಗಿದ. "ಬ್ಯಾರ್ರೆ, ಸಭೆಯ ಭಾಷೆ ಕನ್ನಡ. ತುಳುವಿನಲ್ಲಿ ಹೇಳಿದ್ದೆಲ್ಲ ಪುಸ್ತಕಕ್ಕೆ ಬೇಡ."

ಅದನ್ನು ಅವನು ಹೇಳಿದ್ದೂ ತುಳುವಿನಲ್ಲೇ.

* * *

ಐದು ವರ್ಷ ಮುಗಿದು ಮತ್ತೆ ಚುನಾವಣೆ ಬಂದಾಗ ಮನೆಮನೆಗೆ ಒಂದು ಕರಪತ್ರ ಬಂತು. ಯಾರು ಅಚ್ಚು ಹಾಕಿಸಿದ್ದೆಂದು ಅದರಲ್ಲಿ ಇರಲಿಲ್ಲ, ಎಲ್ಲರಿಗೂ ಗೊತ್ತಿತ್ತು. "ನಿಮ್ಮ ಸದಸ್ಯ ಏನು ಮಾಡಿದ?" ಎಂಬ ತಲೆಬರಹದ ಕೆಳಗೆ ಪಟ್ಟಿ. ನೋಣಯ್ಯ, ಪಕ್ಷೇತರ. ಹಾಜರಿ ಅರುವತ್ತೊಂದಕ್ಕೆ ಅರುವತ್ತೊಂದು. ಮಾತಾಡಿದ್ದು ಇಲ್ಲ. ವಿರೋಧ ಮತ ಇಲ್ಲ. ಸ್ಮಶಾನದ ನಿರ್ಣಯ ಸರ್ವಾನುಮತ.

ಆಗ ಕಾಲೇಜಿನಲ್ಲಿದ್ದ ಸುಪ್ರೀತಾ ಅಪ್ಪನ ಹೆಸರಿನಲ್ಲಿ ಮಾಹಿತಿ ಹಕ್ಕಿನ ಅರ್ಜಿ ಬರೆದು ನಡಾವಳಿಯ ಪ್ರತಿ ತರಿಸಿದಳು. ನೋಣಯ್ಯ ಹೊಲಿಗೆ ಯಂತ್ರದ ಮೇಲೆ ಹಾಳೆಗಳನ್ನಿಟ್ಟು ಸಾಲು ಸಾಲಿಗೆ ಬೆರಳಿಟ್ಟು ಮೂರು ದಿನ ಓದಿದ. ಎಲ್ಲ ಕಡೆಯೂ ಹಾಜರಾದವರ ಪಟ್ಟಿಯಲ್ಲಿ ಹೆಸರಿತ್ತು. ಅಲ್ಲಿಂದ ಮುಂದೆ ಅವನು ಎಲ್ಲಿಯೂ ಇರಲಿಲ್ಲ.

"ನಾನು ಅಲ್ಲಿ ಇದ್ದೆ ಅಲ್ವಾ ಮಗಾ?" ಎಂದು ಕೇಳಿದ.

ಮಗಳು ಪಂಚಾಯತಿಗೆ ಹೋಗಿ ಜಗಳವಾಡಿದಳು. ದಾಖಲೆಯಲ್ಲಿ ಏನಿದೆಯೋ ಅದು, ಎಂದು ಹೇಳಿ ಕಳಿಸಿದರು. ನೋಣಯ್ಯ ವಾರ್ಡಿನಲ್ಲಿ ಮನೆಮನೆಗೆ ಹೋಗಿ ತಾನು ಬೇಡವೆಂದೇ ಹೇಳಿದ್ದೆ ಎಂದ. ಜನ ಕರಪತ್ರ ತೋರಿಸಿದರು. ಅಚ್ಚಾದ ಸುಳ್ಳಿನ ಎದುರು ದರ್ಜಿಯ ಬಾಯಿಮಾತಿಗೆ ಏನು ಬೆಲೆ? ಆ ಸಲ ಅವನಿಗೆ ಬಿದ್ದದ್ದು ನಲವತ್ತೊಂದು ಓಟು. ಶಾಲೆಯ ಯೂನಿಫಾರ್ಮ್ ಹೊಲಿಸುತ್ತಿದ್ದವರು ಫರಂಗಿಪೇಟೆಗೆ ಹೋಗತೊಡಗಿದರು. ಶೋಧನ್‌ನ ಅಮ್ಮ ತೀರಿಹೋದಾಗ ನೋಣಯ್ಯ ಹೋದರೆ, ಶೋಧನ್ ಅಂಗಳದಲ್ಲೇ ತಡೆದು, "ನೀವು ಬರುವುದು ಬೇಡ, ನಿಮ್ಮಿಂದಾಗಿಯೇ ಅಮ್ಮನನ್ನು ಗಾಡಿಯಲ್ಲಿ ಹೇರಿಕೊಂಡು ಹೋಗ್ಬೇಕಾಯ್ತು," ಎಂದಿದ್ದ.

ಅಂದಿನಿಂದ ನೋಣಯ್ಯ ಯಾರ ಹತ್ತಿರವೂ ಆ ವಿಷಯ ಎತ್ತಲಿಲ್ಲ. ಹರಿದದ್ದು, ಸಡಿಲಾದದ್ದು, ಜಿಪ್ಪು ಹೋದದ್ದು ಬಂದರೆ ಹೊಲಿದುಕೊಡುತ್ತಿದ್ದ.

* * *

ಹನ್ನೊಂದು ಗಂಟೆಗೆ ಅಬ್ದುಲ್ ರವೂಫ್ ಬಸ್ಸಿಳಿದು ನಡೆದುಕೊಂಡು ಬಂದ. ನಿವೃತ್ತನಾಗಿ ಆರು ವರ್ಷ, ಗಡ್ಡ ಪೂರ್ತಿ ಬಿಳಿ. ರಸ್ತೆಯವರನ್ನು ದಾಟಿ ಅಂಗಳಕ್ಕಿಳಿದು ನೋಣಯ್ಯನ ಮುಖ ನೋಡುತ್ತ ನಿಂತ. ನೋಡಿ ಆದ ಮೇಲೂ ತಲೆ ಎತ್ತಲಿಲ್ಲ.

"ಬಂದ್ರಲ್ಲ," ಎಂದಳು ಸುಪ್ರೀತಾ. "ಈಗ ಹೇಳಿ ರವೂಫ್ ಮಾಮ."

"ಮಗಳೇ, ಇದು ಅದಕ್ಕೆ ಹೊತ್ತಲ್ಲ..."

"ಹತ್ತು ವರ್ಷ ನಿಮಗೆ ಹೊತ್ತು ಸಿಗಲಿಲ್ಲ. ಇವತ್ತು ಸಂಜೆಯೊಳಗೆ ಅಪ್ಪ ಬೂದಿ. ಯಾವಾಗ ಹೇಳ್ತೀರಿ? ನಿಮ್ಮ ಪೆನ್ಶನ್‌ಗೆ ಏನೂ ಆಗುವುದಿಲ್ಲ, ಹೆದರಬೇಡಿ."

ಪೆನ್ಶನ್ ಮಾತು ಅವನಿಗೆ ಸರಿಯಾಗಿ ನಾಟಿತು. ಕಮಲಾಕ್ಷ ಕುರ್ಚಿಯಿಂದ ಎದ್ದ.

"ಬ್ಯಾರ್ರೆ, ದುಃಖದಲ್ಲಿ ಹುಡುಗಿ ಏನೋ ಹೇಳ್ತಾಳೆ. ಬನ್ನಿ, ನನ್ನ ಕಾರಿನಲ್ಲೇ ಹೋಗುವ."

ಆ "ಬನ್ನಿ" ಒಂದು ಇಲ್ಲದಿದ್ದರೆ ರವೂಫ್ ಬಹುಶಃ ಇವತ್ತೂ ಬಾಯಿ ಬಿಡುತ್ತಿರಲಿಲ್ಲ. ಮೂವತ್ತು ವರ್ಷದ ನೌಕರಿಯಲ್ಲಿ ಬನ್ನಿ ಎಂದಾಗ ಬಂದು, ಬರೆಯಿರಿ ಎಂದಾಗ ಬರೆದು, ಬೇಡ ಎಂದಾಗ ಪೆನ್ನಿಗೆ ಟೋಪಿ ಹಾಕಿದ ಮನುಷ್ಯ. ಅವನು ಕಮಲಾಕ್ಷನಿಗೆ ಬೆನ್ನು ಹಾಕಿ ರಸ್ತೆಯ ಕಡೆ ತಿರುಗಿದ.

"ನೋಣಯ್ಯ ಬೇಡ ಹೇಳಿದ್ದಾನೆ," ಎಂದ. ದನಿ ಏಳಲಿಲ್ಲ.

"ಕೇಳುವುದಿಲ್ಲ ಮಾಮ."

"ನೋಣಯ್ಯ ಬೇಡ ಹೇಳಿದ್ದಾನೆ! ಸ್ಮಶಾನ ಕೊಡ್ಲಿಕ್ಕೆ ಆಗುವುದಿಲ್ಲ ಅಂತ ಮೇಜಿಗೆ ಬಡಿದು ಹೇಳಿದ್ದಾನೆ. ಹದಿಮೂರು ಜನ ಕೈ ಎತ್ತಿದ್ರು, ಇವ ಒಬ್ಬ ವಿರುದ್ಧ ಎತ್ತಿದ. ಅದನ್ನು ಬರೆಯದೆ ಸರ್ವಾನುಮತ ಅಂತ ಬರೆದದ್ದು ನಾನು. ಈ ಕೈಯಲ್ಲಿ."

"ಅವರು ತುಳುವಿನಲ್ಲಿ ಮಾತಾಡಿದ್ರು," ಎಂದ ಕಮಲಾಕ್ಷ, ಸಮಾಧಾನ ಹೇಳುವವನಂತೆ. "ನಿಯಮ ಅಂತ ಒಂದು ಉಂಟಲ್ಲ."

"ನೀವು ಯಾವ ಭಾಷೆಯಲ್ಲಿ ಮಾತಾಡಿದ್ರಿ ಅಧ್ಯಕ್ಷರೇ?" ಈಗ ರವೂಫನ ಗಂಟಲು ಬಿಟ್ಟಿತ್ತು. "ನೀವು ತುಳುವಿನಲ್ಲಿ ಬೇವರ್ಸಿ ಅಂತ ಬೈದದ್ದನ್ನು, 'ಸದಸ್ಯರು ಸಂಯಮದಿಂದ ವರ್ತಿಸಬೇಕೆಂದು ಮಾನ್ಯ ಅಧ್ಯಕ್ಷರು ಕೋರಿದರು' ಅಂತ ಬರೆದವ ನಾನು! ಹದಿಮೂರು ಜನರ ತುಳುವಿಗೆ ಕನ್ನಡ ಸಿಕ್ಕಿತು. ಇವನ ಒಬ್ಬನ ತುಳುವಿಗೆ ಸಿಗಲಿಲ್ಲ. ನೀರಿನ ಪೈಪಿಗೆ ಮಾತಾಡಿದ, ಬೀದಿ ದೀಪಕ್ಕೆ ಮಾತಾಡಿದ, ಅರುವತ್ತೊಂದು ಸಭೆಯಲ್ಲಿ ಬಾಯಿ ಮುಚ್ಚಿ ಕೂತದ್ದೇ ಇಲ್ಲ. ಒಂದಕ್ಷರ ಬರೆಯಲಿಲ್ಲ ನಾನು."

ಉಸಿರು ಎಳೆದುಕೊಂಡು ರಸ್ತೆಯವರ ಕಡೆ ಬೆರಳು ತೋರಿಸಿದ.

"ನೀವು ಓದಿದ್ದು ನನ್ನ ಸುಳ್ಳು. ಪ್ರತಿ ವರ್ಷ ಹಬ್ಬಕ್ಕೆ ನನ್ನ ಷರ್ಟು ಹೊಲಿದುಕೊಟ್ಟ. ಒಂದು ದಿನ ಯಾಕೆ ಹೀಗೆ ಮಾಡಿದೆ ಅಂತ ಕೇಳಲಿಲ್ಲ. ಒಮ್ಮೆ ಕೇಳಿ ಬೈಯಬಾರದಿತ್ತಾ ಮಾರಾಯ!" ಕೊನೆಯ ಮಾತನ್ನು ಅವನು ತಿರುಗಿ ಹೆಣಕ್ಕೇ ಹೇಳಿದ.

ಕಮಲಾಕ್ಷ ನಗಲು ನೋಡಿದ. "ವಯಸ್ಸಾಯ್ತು ಬ್ಯಾರಿಗಳಿಗೆ. ದಾಖಲೆಯಲ್ಲಿ ಇರುವುದು ದಾಖಲೆಯಲ್ಲಿ..."

ಆ ವಾಕ್ಯ ಮುಗಿಯುವ ಮೊದಲೇ ಶೋಧನ್ ಅಂಗಳಕ್ಕೆ ಇಳಿದಿದ್ದ. ಹೆಣದ ಕಾಲ ಬಳಿ ಬಂದು ನಿಂತ. ಸುಪ್ರೀತಾಳ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ, ಅವಳಿಗೂ ಅವನನ್ನು ಸುಮ್ಮನೆ ಕ್ಷಮಿಸುವ ಮನಸ್ಸಿರಲಿಲ್ಲ.

"ನನ್ನ ಅಪ್ಪನನ್ನು ಅಂಗಳದಿಂದ ಹೊರಗೆ ಹಾಕಿದವ ನೀನು," ಎಂದಳು.

"ಹೌದು," ಎಂದು ಶೋಧನ್ ಸ್ಟ್ರೆಚರಿನ ಹಿಡಿಗೆ ಕೈ ಹಾಕಿದ. "ಆಂಬುಲೆನ್ಸು ಬೇಡ. ನಮ್ಮ ಜಾಗಕ್ಕೆ ಹೋಗುವ."

ಹಿಂದಿನಿಂದ ಇನ್ನೂ ಮೂರು ಜನ ಬಂದರು, ಆಮೇಲೆ ಉಳಿದವರು. ಆಂಬುಲೆನ್ಸಿನವನು, "ಅಣ್ಣ, ಸ್ಟ್ರೆಚರ್ ವಾಪಸ್ ಆಗ್ಬೇಕು ಆಯ್ತಾ," ಎನ್ನುತ್ತ ಹಿಂದೆಯೇ ಓಡಿದ. ಪ್ರೇಮಾವತಿ ಚಪ್ಪಲಿ ಹಾಕದೆ ಹೊರಟಳು. ಹೆಂಗಸರು ಅಲ್ಲಿಗೆ ಬರುವ ಕ್ರಮ ಇಲ್ಲವೆಂದು ಕುರ್ಚಿಯಲ್ಲಿದ್ದವರೊಬ್ಬರು ಗೊಣಗಿದರು. ಅವಳು ಕೇಳಿಸಿಕೊಳ್ಳಲಿಲ್ಲ.

ಸಭಾಂಗಣದ ಗೇಟಿಗೆ ಬೀಗ ಬಿದ್ದಿತ್ತು. ಕಮಲಾಕ್ಷ ಕಾರಿನಲ್ಲಿ ಸುತ್ತುಬಳಸಿ ಮೊದಲೇ ಬಂದು ಗೇಟಿನ ಪಕ್ಕ ನಿಂತಿದ್ದ. ಕಾವಲುಗಾರ ಒಳಗಿನಿಂದ ಕಂಬಿ ಹಿಡಿದು ನೋಡುತ್ತಿದ್ದ. ನಾಲ್ವರು ನೋಣಯ್ಯನನ್ನು ಗೇಟಿಗೆ ಮುಖ ಮಾಡಿ ಇಳಿಸಿದರು.

"ನೋಡಿ, ಕಾನೂನು ಪ್ರಕಾರ ಇದು ಈಗ ಸ್ಮಶಾನ ಅಲ್ಲ," ಎಂದ ಕಮಲಾಕ್ಷ. ಇಸ್ತ್ರಿ ಮಾಡಿದ ಮುಖ ಬೆವರಿಗೆ ಕೆಟ್ಟಿತ್ತು. "ಪೊಲೀಸರಿಗೆ ಫೋನು ಮಾಡಿದ್ದೇನೆ. ನಿರ್ಣಯ ಆದದ್ದು ಎಲ್ಲರೂ ಸೇರಿ."

ಪ್ರೇಮಾವತಿ ಗಂಡನ ತಲೆಯ ಹತ್ತಿರ ನೆಲದಲ್ಲಿ ಕೂತಳು.

"ಎಲ್ಲರೂ ಅಲ್ಲ. ಒಬ್ಬರು ಬೇಡ ಹೇಳಿದ್ರು. ಅವರನ್ನೇ ತಂದಿದ್ದೇವೆ, ಕೇಳಿ."

ಕಮಲಾಕ್ಷ ಮತ್ತೆ ಫೋನು ಕಿವಿಗಿಟ್ಟು ದೂರ ಸರಿದ. ಜನ ಚದುರತೊಡಗಿದರು, ಒಬ್ಬೊಬ್ಬರಾಗಿ ತಮ್ಮ ತಮ್ಮ ಮನೆಗಳ ಕಡೆ ನಡೆದರು. ಇವರೂ ಹೊರಟುಹೋದರು ಎಂದುಕೊಂಡಳು ಸುಪ್ರೀತಾ. ಇಷ್ಟು ಹೊತ್ತು ತಡೆದಿದ್ದ ಕಣ್ಣೀರು ಸಿಟ್ಟಿನ ಜೊತೆಗೇ ಉಕ್ಕಿತು.

ಮೊದಲು ವಾಪಸು ಬಂದದ್ದು ಶೋಧನ್‌ನ ರಿಕ್ಷಾ. ಸೀಟಿನ ಮೇಲೆ ಅಡ್ಡಡ್ಡ ಹೇರಿದ್ದ ಮಾವಿನ ಕೊರಡುಗಳನ್ನು ಎಳೆದು ಗೇಟಿನ ಬುಡಕ್ಕೆ ಹಾಕಿ, "ಗೇಟು ತೆಗೆಯದಿದ್ರೆ ಇಲ್ಲೇ ಸುಡುವ," ಎಂದ. ಆಮೇಲೆ ಒಬ್ಬಳು ತಲೆಹೊರೆಯಲ್ಲಿ ಬಚ್ಚಲೊಲೆಯ ಸೌದೆ ತಂದಳು. ಇನ್ನೊಬ್ಬ ಹಳೆಯ ಬಾಗಿಲಿನ ಹಲಗೆ, ಮತ್ತೊಬ್ಬ ಗೋಣಿತುಂಬ ತೆಂಗಿನ ಗೆರಟೆ. ಕಾಲು ಮುರಿದ ಬೆಂಚೊಂದನ್ನು ಇಬ್ಬರು ಹೊತ್ತು ತಂದರು. ರವೂಫ್ ಷರ್ಟಿನ ತೋಳು ಮಡಚಿ ರಾಶಿ ಜಾರದಂತೆ ಒಂದೊಂದನ್ನೇ ಒತ್ತಿ ಇಡುತ್ತಿದ್ದ. ಹೊಳೆಬದಿಯ ಒಂದು ಮನೆಯೂ ಬಾಕಿಯಾಗಲಿಲ್ಲ.

ರಾಶಿ ಬೀಗದ ಮಟ್ಟಕ್ಕೆ ಬಂದಾಗ ಪ್ರೇಮಾವತಿ ಎದ್ದಳು. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಬೆಂಕಿಪೆಟ್ಟಿಗೆಯನ್ನು ತೆಗೆದು ಸೌದೆಯ ಮೇಲೆ, ಒಳಗಿನ ಕಾವಲುಗಾರನಿಗೆ ಕಾಣುವಂತೆ ಇಟ್ಟಳು.