ಅಮ್ಮನ ಪಾಲಿನ ಸೈಕಲ್

ಓಡಿಸೋಕೆ ಬರಲ್ಲ ಅಂತ ನಾಟಕ ಆಡೋರನ್ನ ನಾನು ದೂರದಿಂದಲೇ ಗುರುತು ಹಿಡೀತೀನಿ. ಡ್ರೈವಿಂಗ್ ಸ್ಕೂಲಲ್ಲಿ ಕಾರು ಕಲಿಸೋದು ನನ್ನ ಹೊಟ್ಟೆಪಾಡು. ನನ್ನ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತೆ, ಅದಕ್ಕೇ ಇನ್ನೂ ಬದುಕಿದೀನಿ. ಬರೋರಲ್ಲಿ ಕೆಲವರಿಗೆ ಗಂಡನೋ ಅಣ್ಣನೋ ಮೊದಲೇ ಒಂದಷ್ಟು ಕಲಿಸಿರ್ತಾರೆ. ಆದರೂ ಕೂತ ತಕ್ಷಣ, "ಮೇಡಂ, ನಂಗೇನೂ ಗೊತ್ತಿಲ್ಲ" ಅಂತ ಹಸುಮಗು ಥರ ಮುಖ ಮಾಡ್ತಾರೆ. ಗೇರ್ ಹಾಕುವಾಗ ಮಾತ್ರ ಕೆಳಗೆ ನೋಡಲ್ಲ. ಅಲ್ಲೇ ಸಿಕ್ಕಿಬೀಳ್ತಾರೆ.

ಈ ರಜೆಯಲ್ಲಿ ನನ್ನ ಮಗಳೂ ಹಾಗೇ ಸಿಕ್ಕಿಬಿದ್ದಳು.

ಅವಳಪ್ಪನೂ ನಾನೂ ಬೇರೆಯಾದ ಮೇಲೆ ರಜೆಯನ್ನೂ ಪಾಲು ಮಾಡ್ಕೊಂಡಿದೀವಿ. ಮೊದಲರ್ಧ ಅವನಿಗೆ, ಉಳಿದರ್ಧ ನನಗೆ. ಅವನ ಪಾಲಿನ ರಜೆ ಅಂದ್ರೆ ಸಮುದ್ರ, ಹೋಟೆಲು, ಈಜುಕೊಳ. ನನ್ನದು ಅಂದ್ರೆ ಎರಡು ಕೋಣೆ ಮನೆ, ನಾನು ಬೆಳಗಿನ ಕ್ಲಾಸ್ ಮುಗಿಸಿ ಬರೋವರೆಗೂ ಪಕ್ಕದ ಮನೆ ಆಂಟಿ ಮತ್ತು ಅವರ ಟೀವಿ. ಯಾವತ್ತಾದರೂ ಒಂದಿನ ಇವಳು, "ಈ ಸಲ ಪೂರ್ತಿ ಅಪ್ಪನ ಹತ್ರಾನೇ ಇರ್ತೀನಿ" ಅಂದುಬಿಟ್ಟರೆ? ಎಂಟು ವರ್ಷದ ಮಗು ಬಾಯಲ್ಲಿ ಆ ಮಾತು ಬರೋದಕ್ಕೆ ಎಷ್ಟು ಹೊತ್ತು ಬೇಕು? ಆ ಹೆದರಿಕೆ ನನ್ನನ್ನ ಒಳಗೊಳಗೇ ತಿಂತಿದೆ, ಸುಳ್ಳು ಯಾಕೆ ಹೇಳಲಿ.

ಅದಕ್ಕೇ ಒಂದನ್ನ ನನಗೇ ಅಂತ ಎತ್ತಿಟ್ಟುಕೊಂಡಿದ್ದೆ. "ಸೈಕಲ್ ಕಲಿಸೋಳು ನಾನು, ನೀನು ಅದಕ್ಕೆ ಕೈ ಹಾಕಬೇಡ" ಅಂತ ಅವಳಪ್ಪನ ಹತ್ರ ಮಾತು ತಗೊಂಡಿದ್ದೆ. ಹಳೇ ಸೈಕಲ್ ಒಂದನ್ನ ತಂದು, ತುಕ್ಕು ಉಜ್ಜಿ, ಬಣ್ಣ ಬಳಿದು, ಹೊಸ ಸೀಟು ಹಾಕಿಸಿ ಕಾಯ್ತಾ ಕೂತೆ.

ಅವಳು ಬಂದ ಮಾರನೇ ದಿನ ನಮ್ಮ ಡ್ರೈವಿಂಗ್ ಸ್ಕೂಲಿನ ಹಿಂದಿನ ಖಾಲಿ ಮೈದಾನಕ್ಕೆ ಕರ್ಕೊಂಡು ಹೋದೆ. ನಾನು ಸೀಟು ಹಿಡಿದು ಹಿಂದೆ ಓಡ್ತಿದ್ದೆ. ಅವಳು ಆ ಕಡೆ ಈ ಕಡೆ ವಾಲಿ, "ಅಮ್ಮಾ ಬಿಡಬೇಡ, ಬಿಡಬೇಡ" ಅಂತಿದ್ದಳು. ನನ್ನ ಹೊಟ್ಟೆ ತಣ್ಣಗಾಗಿತ್ತು. ಆದರೆ ಹೊಸಬರ ಕಣ್ಣು ಮುಂದಿನ ಚಕ್ರಕ್ಕೆ ಅಂಟಿಕೊಂಡಿರುತ್ತೆ. ಇವಳ ಕಣ್ಣು ದೂರದ ಗೋಡೆ ಮೇಲಿತ್ತು. ತಿರುವು ಬರೋಕೆ ಮುಂಚೆ ಭುಜದ ಮೇಲಿಂದ ಹಿಂದೆ ಬೇರೆ ನೋಡಿದಳು. ಆಮೇಲೆ ಹುಲ್ಲು ಇದ್ದ ಕಡೆ ನೋಡಿಕೊಂಡು ಬಿದ್ದಳು. ಪಾಪ, ಹುಲ್ಲಲ್ಲಿ ಕಲ್ಲಿತ್ತು. ಮೊಣಕೈ ತರಚಿತು.

ಮನೆಗೆ ಬಂದು ಹತ್ತಿಯಲ್ಲಿ ಗಾಯ ಒರೆಸ್ತಾ ವಿಚಾರಣೆ ಶುರು ಮಾಡಿದೆ.

"ಅಪ್ಪ ಕಲಿಸಿದನಾ?"

"ಏನನ್ನ?"

"ಸೈಕಲ್ಲು."

"ಇಲ್ಲಮ್ಮ."

"ಅಮ್ಮನಿಗೆ ಹೇಳಬೇಡ ಅಂದನಾ?"

"ಇಲ್ಲ," ಅಂದಳು, ಹತ್ತಿ ನೋಡ್ತಾ.

ಸರಿ, ಅವಳು ಆಟಕ್ಕೆ ಹೋದ ಮೇಲೆ ಅವಳ ಬ್ಯಾಗು ಜಾಲಾಡಿದೆ. ಮಾಡಬಾರದು ಅಂತ ಗೊತ್ತು, ಮಾಡಿದೆ. ಬಟ್ಟೆಗಳನ್ನ ಯಾರೋ ಅಂಚಿಗೆ ಅಂಚು ಸೇರಿಸಿ ಮಡಚಿ, ಕಾಲುಚೀಲ ಸುತ್ತಿ ಮೂಲೆಗೆ ಇಟ್ಟಿದ್ದರು. ಅವಳಪ್ಪನ ಕೈಯಲ್ಲಿ ಇದು ಈ ಜನ್ಮಕ್ಕೆ ಆಗೋ ಕೆಲಸ ಅಲ್ಲ. ಒಂದು ಟವೆಲ್ ಮಡಚು ಅಂದ್ರೆ ಉಂಡೆ ಮಾಡಿ ಇಡ್ತಿದ್ದ ಮನುಷ್ಯ. ಹಾಗಾದ್ರೆ ಆ ಮನೆಗೆ ಯಾವಳೋ ಬಂದಿದ್ದಾಳೆ. ಬಟ್ಟೆ ಮಡಚ್ತಾಳೆ, ಸೈಕಲ್ಲೂ ಕಲಿಸ್ತಾಳೆ. ಮಗುಗೆ ಬಾಯಿ ಮುಚ್ಚಿಕೊಂಡಿರು ಅಂತಲೂ ಹೇಳಿಕೊಟ್ಟಿದ್ದಾಳೆ. ನನ್ನ ಮೈಯೆಲ್ಲ ಉರಿದುಹೋಯ್ತು.

ಅಡುಗೆಮನೆ ಬಾಗಿಲು ಹಾಕ್ಕೊಂಡು ಅವನಿಗೆ ಫೋನ್ ಮಾಡಿದೆ.

"ಬ್ಯಾಗ್ ಯಾರು ತುಂಬಿದ್ದು?"

"ಅವಳೇ. ನನ್ನ ಕೈಗೆ ಕೊಡಲ್ಲ. ಯಾಕೆ, ಏನಾದ್ರೂ ಬಿಟ್ಟುಬಂದಿದ್ದಾಳಾ?"

"ಸೈಕಲ್ ಯಾರು ಕಲಿಸಿದ್ದು?"

"ನಿಂಗೆ ತಲೆ ಕೆಟ್ಟಿದೆಯಾ? ಹೋಟೆಲಲ್ಲಿ ಬಾಡಿಗೆ ಸೈಕಲ್ ಇತ್ತು, ಬಾ ಅಂದೆ. ಅದು ಅಮ್ಮನ ಪಾಲು ಅಂತ ಹತ್ತಲೇ ಇಲ್ಲ. ಕೊಟ್ಟ ಮಾತು ಉಳಿಸಿಕೊಂಡಿದೀನಿ ಕಣೇ."

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋ ಜಾತಿ ಅವನದು. ಸುಳ್ಳು ಹೇಳಿದ್ರೆ ಗಂಟಲು ಸರಿಮಾಡ್ಕೊತಾನೆ. ಅವತ್ತು ಮಾಡ್ಕೊಳ್ಳಲಿಲ್ಲ. ಬದಲಿಗೆ ದನಿ ಏರಿಸಿಕೊಂಡು, "ಆದ್ರೆ ಒಂದು ಕೇಳು, ಈಜು ಕಲಿಸಿದೆ. ಮೊದಲ ದಿನ ನನ್ನ ಕತ್ತು ಬಿಡಲಿಲ್ಲ. ಹೊರಡೋ ಹೊತ್ತಿಗೆ ಮೀನು. ನನ್ನ ಕೈಯಲ್ಲೇ ಕಲಿತಳು," ಅಂದ. ಇಷ್ಟು ಖುಷಿಯಾಗಿ ಅವನು ಮಾತಾಡಿದ್ದನ್ನ ಕೇಳಿ ಯಾವ ಕಾಲ ಆಗಿತ್ತೋ.

ನಾನು ಸಿಂಕಿನ ಅಂಚು ಹಿಡ್ಕೊಂಡೆ. ಅವಳ ಶಾಲೆಯಲ್ಲಿ ವರ್ಷದ ಮೊದಲಿಂದ ಈಜು ಕ್ಲಾಸ್ ಇದೆ. ಒದ್ದೆ ಟವೆಲ್ ಒಗೆಯೋಳು ನಾನೇ. ಕೊಳದ ಈ ತುದಿಯಿಂದ ಆ ತುದಿಗೆ ಅವಳು ಹೋಗೋದನ್ನ ಕಣ್ಣಾರೆ ನೋಡಿದೀನಿ.

"ಹೌದಾ," ಅಂದೆ. ಬೇರೆ ದಿನ ಆಗಿದ್ರೆ ಆ ಖುಷಿಗೆ ಹುಳಿ ಹಿಂಡದೆ ಬಿಡ್ತಿರಲಿಲ್ಲ. "ಚೆನ್ನಾಗಿ ಕಲಿಸಿದೀಯ" ಅಂತ ಹೇಳಿ ಫೋನ್ ಇಟ್ಟೆ.

ಮಾರನೇ ದಿನ ಬೆಳಗ್ಗೆ ಅವಳೇ ಶೂ ಹಾಕ್ಕೊಂಡು ಬಾಗಿಲಲ್ಲಿ ನಿಂತಿದ್ದಳು, ಸೈಕಲ್ಲಿಗೆ ಹೋಗೋಣ ಅಂತ. ನಾನು ಅವಳ ಮುಂದೆ ನೆಲದ ಮೇಲೆ ಕೂತೆ.

"ಪುಟ್ಟಿ, ನಿಂಗೆ ಸೈಕಲ್ ಬರುತ್ತೆ. ಬೈಯಲ್ಲ, ಹೇಳು."

ಶೂ ಲೇಸು ಎಳೀತಾ ಬಾಯಿಬಿಟ್ಟಳು. "ಶಾಲೆ ಹಿಂದೆ, ನನ್ನ ಫ್ರೆಂಡ್ ಸೈಕಲಲ್ಲಿ. ಯಾರೂ ಕಲಿಸಿಲ್ಲ. ಹತ್ತಿದೆ, ಬಂದುಬಿಡ್ತು." ಏನೋ ತಪ್ಪು ಮಾಡಿದವಳ ಹಾಗೆ ಹೇಳಿದಳು. ಆಮೇಲೆ ಮುಖ ಎತ್ತಿ, "ಅಪ್ಪಂಗೆ ಈಜೋದರ ವಿಷಯ ಹೇಳ್ತೀಯಾ?" ಅಂದಳು.

"ಇಲ್ಲ."

"ಅಪ್ಪ ತುಂಬಾ ಜನಕ್ಕೆ ಫೋನ್ ಮಾಡಿ ಹೇಳಿದ್ರು, ನಾನು ಕಲಿಸಿದೆ ಅಂತ."

ನಾನೂ ಅವನೂ ಹಗ್ಗ ಹಿಡಿದು ಎಳೆದಾಡ್ತಾ ಇದ್ದರೆ, ಈ ಮಗು ಇಬ್ಬರೂ ಬೀಳದ ಹಾಗೆ ನೋಡ್ಕೊತಿದೆ. ಅದಕ್ಕೋಸ್ಕರ ಮೊಣಕೈ ತರಚಿಕೊಂಡಿದೆ. ನಾಚಿಕೆ ಆಯ್ತು ನನಗೆ. ಅವಳ ಶೂ ಬಿಚ್ಚಿದೆ.

"ಇವತ್ತು ಸೈಕಲ್ಲೂ ಬೇಡ, ಏನೂ ಬೇಡ. ನಿಂಗೇನು ಬೇಕು ಹೇಳು, ಅದನ್ನೇ ಮಾಡೋಣ."

ಪಾರ್ಕು ಅಂತಾಳೆ, ಸಿನಿಮಾ ಅಂತಾಳೆ ಅಂದ್ಕೊಂಡೆ. ನನ್ನ ಮುಖವನ್ನ ಅನುಮಾನದಿಂದ ನೋಡಿದಳು, ಇದೂ ಒಂದು ಪರೀಕ್ಷೆಯೇನೋ ಅನ್ನೋ ಹಾಗೆ. ಆಮೇಲೆ ಮೆಲ್ಲಗೆ ಕೇಳಿದಳು, "ಸುಮ್ನೆ ಮಲಗಬಹುದಾ?"

ಸೋಫಾ ಮೇಲೆ ಮಲಗಿದವಳು ಮಧ್ಯಾಹ್ನ ಆದರೂ ಏಳಲಿಲ್ಲ. ನಾನು ಕ್ಲಾಸುಗಳನ್ನ ಬಿಟ್ಟು ಪಕ್ಕದಲ್ಲೇ ಕೂತೆ. ಅಷ್ಟರಲ್ಲಿ ಅವಳಪ್ಪನ ಫೋನ್ ಬಂತು.

"ಮಲಗಿದ್ದಾಳೆ," ಅಂದೆ.

"ಈ ಹೊತ್ತಲ್ಲಿ? ಅವಳು ಹಗಲು ಮಲಗೋದೇ ಇಲ್ವಲ್ಲ. ಏನಾಗಿದೆ? ಏನು ಮುಚ್ಚಿಡ್ತಿದೀಯ ನನ್ನ ಹತ್ರ?"

ತಿರುಗಿಸಿ ಕೊಡೋಕೆ ಮಾತು ನಾಲಿಗೆ ತುದೀಲೇ ಇತ್ತು. ಸೋಫಾ ಕಡೆ ನೋಡಿದೆ. ಬಾಯಿ ಅರ್ಧ ತೆರೆದುಕೊಂಡು, ಕೈಕಾಲು ಎಲ್ಲೆಂದರಲ್ಲಿ ಚೆಲ್ಲಿ ಮಲಗಿದ್ದಳು.

"ಏನೂ ಆಗಿಲ್ಲ ಕಣೋ," ಅಂದೆ. "ಅವಳಿಗೆ ರಜೆ."