ಉಗುರಿನಷ್ಟು ದಪ್ಪದ ಗಟ್ಟಿತನ

ಜೆಪ್ಪುವಿನಲ್ಲಿ ನನ್ನದೊಂದು ಲೇತ್ ಅಂಗಡಿ. ಮೀನುಗಾರಿಕೆ ದಕ್ಕೆಯ ಬೋಟಿನವರು ಬಲೆ ಎಳೆಯುವ ವಿಂಚಿನ ಪಿನ್ನಿಗೆ ನನ್ನಲ್ಲಿಗೇ ಬರುವುದು. ಪಿಯುಸ್ ಪರ್ಬುಗಳು ಹದ ಹಾಕಿದ ಪಿನ್ನು ಸವೆಯುವುದಿಲ್ಲ ಎಂಬ ಹೆಸರೊಂದೇ ನನ್ನ ಆಸ್ತಿ. ಅದು ಹೋದರೆ ಅಂಗಡಿಯೂ ಹೋಯಿತು.

ಹಾಗಾಗಿ ಬೋಟಿನ ಧಣಿ ಮುಖೇಶ್ ಫೋನು ಮಾಡಿ, "ನಿಮ್ಮ ಪಿನ್ನು ಐದೇ ದಿನದಲ್ಲಿ ಸವೆದು ಕಳಚಿತು, ನಮ್ಮ ಬೋಟಿನ ಆಳು ಮಾಯಿಲಪ್ಪನ ಕೈ ವಿಂಚಿಗೆ ಸಿಕ್ಕಿತು, ಫಳ್ನೀರ್ ಆಸ್ಪತ್ರೆಗೆ ಬನ್ನಿ" ಎಂದಾಗ ನಾನು ಮೊದಲು ಜೇಬಿಗೆ ಹಾಕಿಕೊಂಡದ್ದು ಕಬ್ಬಿಣ ಉಜ್ಜುವ ಅರವನ್ನು. ನಾಲ್ಕು ಕಿತ್ತಳೆ ಕೊಳ್ಳಬೇಕೆಂದು ನೆನಪಾಗಲೇ ಇಲ್ಲ.

ಮಾಯಿಲಪ್ಪನ ಬಲಗೈಗೆ ಮೊಣಕೈವರೆಗೆ ಬ್ಯಾಂಡೇಜು. ಪಕ್ಕದಲ್ಲಿ ಹೆಂಡತಿ ಕುಶಲಾ. ಮುಖೇಶ್ ಪಿನ್ನನ್ನು ನನ್ನ ಮೂಗಿನೆದುರು ಹಿಡಿದ.

"ಎಂತ ಪರ್ಬುಗಳೇ, ಇದು ಕಬ್ಬಿಣವಾ, ಬೆಲ್ಲವಾ?"

ಅರ ಹಾಕಿ ನೋಡಿದೆ. ಎರಡೂ ತುದಿಯಲ್ಲಿ ಗಾಜಿನ ಮೇಲೆ ಹೋದಂತೆ ಜಾರಿತು. ನಡುವೆ ಕಚ್ಚಿತು, ಹುಡಿ ಉದುರಿತು.

ನಾನು ಪಿನ್ನು ಮಾಡುವ ಅಗ್ಗದ ಎಂ.ಎಸ್. ರಾಡಿನ ಮೆದು ಉಕ್ಕಿನಲ್ಲಿ ಇಂಗಾಲ ಕಡಿಮೆ. ಬರೇ ಕಾಯಿಸಿ ನೀರಿಗೆ ಅದ್ದಿದರೆ ಹೇಳಿಕೊಳ್ಳುವಷ್ಟು ಗಟ್ಟಿಯಾಗದು. ಇದ್ದಿಲ ಹುಡಿಯಲ್ಲಿ ಹುಗಿದು, ಪೆಟ್ಟಿಗೆಯ ಮುಚ್ಚಳ ಬಿಗಿದು ಎಂಟು ಗಂಟೆ ಕೆಂಪಗೆ ಕಾಯಿಸಿದರೆ ಇಂಗಾಲ ಮೈಗೆ ಇಳಿಯುತ್ತದೆ, ಅದ್ದುವುದು ಆಮೇಲೆ. ಆಗಲೂ ಗಟ್ಟಿಯಾಗುವುದು ಉಗುರಿನಷ್ಟು ದಪ್ಪದ ಸಿಪ್ಪೆ ಮಾತ್ರ, ಒಳಗೆ ಮೆತ್ತಗೇ. ಎಷ್ಟೋ ರಾಡು ಹಾಳು ಮಾಡಿ ಕಲಿತದ್ದು ಇದು. ಬೇರೆ ಲೇತಿನವರಿಗೆ ಗೊತ್ತಾದೀತೆಂದು ಯಾರಿಗೂ ಹೇಳಿರಲಿಲ್ಲ. ಕೇಳಿದವರಿಗೆಲ್ಲ, "ಒಳಗೂ ಹೊರಗೂ ಒಂದೇ ಗಟ್ಟಿ" ಎನ್ನುತ್ತಿದ್ದೆ.

"ನಡುವೆ ಗ್ರೈಂಡರ್ ಹಿಡಿದದ್ದು ಯಾರು?" ಎಂದು ಕೇಳಿದೆ.

"ನಾನೇ ಪರ್ಬುಗಳೇ," ಎಂದ ಮಾಯಿಲಪ್ಪ. "ತೂತಿಗೆ ಬಿಗಿ ಆಯ್ತು. ಬೋಟು ಹೊರಡುವ ಹೊತ್ತು. ಸ್ವಲ್ಪವೇ ಉಜ್ಜಿದ್ದು."

"ಸಿಪ್ಪೆಯೇ ಹೋಯ್ತಲ್ಲ ಮಾರಾಯ! ಗಟ್ಟಿ ಇರುವುದು ಅದು ಮಾತ್ರ."

"ಒಳಗೂ ಗಟ್ಟಿ ಉಂಟು ಅಂತ ನೀವೇ ಹೇಳಿದ್ದಲ್ವಾ?"

ಮುಖೇಶ್ ನನ್ನತ್ತ ತಿರುಗಿದ. "ಹಾಗೆ ಹೇಳಿದ್ರಾ?"

ಕುಶಲಾಳೂ ನೋಡಿದಳು.

"ಇಲ್ಲಪ್ಪ," ಎಂದೆ. "ನಾನ್ಯಾಕೆ ಹಾಗೆ ಹೇಳ್ಲಿ?"

ಮಾಯಿಲಪ್ಪ ಗೋಡೆಯ ಕಡೆ ಮುಖ ತಿರುಗಿಸಿದ.

"ಹಾಗಾದ್ರೆ ಇವ ತಾನೇ ಮಾಡಿಕೊಂಡದ್ದು," ಎಂದು ಮುಖೇಶ್ ಕುಶಲಾಳಿಗೆ ಹೇಳಿದ. "ಇನ್ನು ಆಸ್ಪತ್ರೆಯ ಖರ್ಚು ನೀವೇ ನೋಡಿಕೊಳ್ಳಿ."

ಮೆಟ್ಟಿಲಿಳಿಯುವಾಗ ಅವನು ನನ್ನ ಹೆಗಲಿಗೆ ಕೈ ಹಾಕಿದ. "ಬೇಜಾರು ಮಾಡ್ಬೇಡಿ ಪರ್ಬುಗಳೇ, ಸುಮ್ಮನೆ ಸಂಶಯಪಟ್ಟೆ. ಸೋಮವಾರಕ್ಕೆ ಎರಡು ಪಿನ್ನು ಬೇಕಿತ್ತು."

"ಮಾಡಿಕೊಡ್ತೇನೆ," ಎಂದು ಅಳತೆ ಕೇಳಿ ಬರೆದುಕೊಂಡೆ.